ಅಂಕಿ ಹಿಡಿದು ಊರು ನೋಡುವುದು: ಓದುಗರ ಪ್ರಶ್ನೆ, ಮೋಜಿಣಿದಾರರ ಉತ್ತರ

ಹೋದ ತಿಂಗಳ ಸಂಚಿಕೆಯಲ್ಲಿ ನನ್ನ ಒಂದು ಹವ್ಯಾಸದ ಬಗ್ಗೆ ಬರೆದಿದ್ದೆ. ಬೆಂಗಳೂರಿನ ನಕ್ಷೆಯ ಮೇಲೆ ಅಕ್ಷಾಂಶ, ರೇಖಾಂಶದ ಗೆರೆ ಎಳೆಯುವುದು. ಎರಡು ಗೆರೆ ಕೂಡುವ ಜಾಗಕ್ಕೆ ಫೋನಿನ ಜಿಪಿಎಸ್ ನೋಡಿಕೊಂಡು ನಡೆದು ಹೋಗುವುದು. ಅಲ್ಲಿ ಏನಿದೆಯೋ ಅದರ ಫೋಟೊ ತೆಗೆಯುವುದು. ಅದನ್ನು ಓದಿದವರು ತುಂಬಾ ಜನ ಪತ್ರ ಬರೆದಿದ್ದಾರೆ. ಕೆಲವಕ್ಕೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ. ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಮೋಜಿಣಿದಾರನಾಗಿ ಕೆಲಸ ಮಾಡಿ ನಿವೃತ್ತನಾದವನು. 33 ಅಡಿ ಸರಪಳಿ ಎಳೆದು ಜಮೀನು ಅಳೆದಿದ್ದೇನೆ. ಗೆರೆ, ಗಡಿ, ಕಲ್ಲು ಅಂದರೆ ನನಗೆ ಪ್ರೀತಿ ಜಾಸ್ತಿ.

ಪ್ರಶ್ನೆ: ಸರ್, ಬೆಂಗಳೂರಿಗೆ ಬಂದು ಕೆಲವು ವರ್ಷವಾಯಿತು. ಆಫೀಸು, ಪಿಜಿ, ಮಾಲ್ ಬಿಟ್ಟರೆ ಊರು ನೋಡಿಲ್ಲ. ನಿಮ್ಮ ಥರ ಸುತ್ತಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?
(ಸಾಫ್ಟ್‌ವೇರ್ ಉದ್ಯೋಗಿ, ಬಿಟಿಎಂ ಲೇಔಟ್)

ಉತ್ತರ: 77 ಡಿಗ್ರಿ 35 ನಿಮಿಷದ ರೇಖಾಂಶ ಹಿಡಿಯಿರಿ. ಬೆಂಗಳೂರು ನೋಡಲು ಇದಕ್ಕಿಂತ ಒಳ್ಳೆಯ ಗೆರೆ ನನಗೆ ಗೊತ್ತಿಲ್ಲ.

ಮೊದಲು ಸ್ವಲ್ಪ ಲೆಕ್ಕ. ಒಂದು ಡಿಗ್ರಿಗೆ 60 ನಿಮಿಷ. ಇದು ಗಡಿಯಾರದ ನಿಮಿಷ ಅಲ್ಲ, ಕೋನ ಅಳೆಯುವ ನಿಮಿಷ. ಬೆಂಗಳೂರಿನಲ್ಲಿ ಅಕ್ಷಾಂಶದ ಒಂದು ನಿಮಿಷ ಅಂದರೆ ಉತ್ತರ ದಕ್ಷಿಣವಾಗಿ ಸುಮಾರು 1.84 ಕಿಲೋಮೀಟರ್. ರೇಖಾಂಶದ ಒಂದು ನಿಮಿಷ ಅಂದರೆ ಪೂರ್ವ ಪಶ್ಚಿಮವಾಗಿ ಸುಮಾರು 1.81 ಕಿಲೋಮೀಟರ್. ನಿಮಿಷಕ್ಕೊಂದು ಗೆರೆ ಎಳೆದರೆ ಇಡೀ ಊರು ಎರಡು ಕಿಲೋಮೀಟರಿಗಿಂತ ಚಿಕ್ಕ ಚೌಕಗಳಾಗುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಆರಾಮಾಗಿ ನಡೆದು ಹೋಗಬಹುದು. ಫೋನಿನ ಮ್ಯಾಪಿನಲ್ಲಿ ಹುಡುಕುವಾಗ ನಿಮಿಷವನ್ನು 60ರಿಂದ ಭಾಗಿಸಿ ದಶಾಂಶ ಮಾಡಿಕೊಳ್ಳಿ. 35 ನಿಮಿಷ ಅಂದರೆ 0.5833. ಅಲ್ಲಿಗೆ ನಿಮ್ಮ ರೇಖಾಂಶ 77.5833. ಅಕ್ಷಾಂಶ ಮೊದಲು, ಆಮೇಲೆ ಕಾಮಾ, ಆಮೇಲೆ ರೇಖಾಂಶ ಬರೆಯಬೇಕು.

ಈಗ ದಕ್ಷಿಣದಿಂದ ಉತ್ತರಕ್ಕೆ ಹೊರಡಿ. ಮೊದಲನೆಯದು 12.95, 77.5833. ಇದು ಲಾಲ್‌ಬಾಗಿನ ಒಳಗೆ ಬೀಳುತ್ತದೆ. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ. ಲಾಲ್‌ಬಾಗ್ ಅಂದರೆ ಎಲ್ಲರೂ ಗಾಜಿನ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ ಅಲ್ವಾ? ಅಂಕಿ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ಸುಮ್ನೆ ಯಾವುದೋ ಮರದ ಕೆಳಗೆ ನಿಲ್ಲಿಸುತ್ತದೆ. ಆ ಮರದ ಬೋರ್ಡ್ ಓದಿ, ತೊಗಟೆ ನೋಡಿ, ಅಲ್ಲಿ ಕೂತವರನ್ನು ಮಾತಾಡಿಸಿ. ವಾಪಸ್ ಬರುವಾಗ ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಬೆಂಗಳೂರಿನ ಅಡಿಪಾಯವೇ ಅಲ್ಲಿ ತಲೆ ಎತ್ತಿದೆ.

ಎರಡನೆಯದು 12.9667, 77.5833. ಕಬ್ಬನ್‌ಪೇಟೆ, ನಗರ್ತಪೇಟೆಯ ಸಂದುಗಳ ಕಡೆಗೆ ಬರುತ್ತೀರಿ. ಇಲ್ಲಿಗೆ ಒಂದು ಇಡೀ ಬೆಳಗ್ಗೆ ಇಟ್ಟುಕೊಳ್ಳಿ. ಹಳೆಯ ನೇಕಾರರ ಪೇಟೆ ಇದು. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಇನ್ನೊಂದು ಮಹಡಿ. ತಲೆ ಎತ್ತಿದರೆ ತಂತಿಗಳ ನಡುವೆ ಒಂದು ಹಳೇ ಮರದ ಕಿಟಕಿ ಸಿಗುತ್ತದೆ. ಮೂಟೆ ಹೊತ್ತವರು "ಸೈಡು, ಸೈಡು" ಅನ್ನುತ್ತಾ ಬರುತ್ತಾರೆ, ದಾರಿ ಬಿಡಿ. ಕೆಲಸ ಮಾಡುವವರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ. ಅಂಗಡಿ ತೆರೆಯುವ ಮುಂಚೆ, ಷಟರ್ ಮುಚ್ಚಿರುವಾಗ ಹೋದರೆ ಬಾಗಿಲು, ಕಟ್ಟೆ, ಗೂಡು ಎಲ್ಲ ಸರಿಯಾಗಿ ಕಾಣುತ್ತದೆ. ಕರಗ ಹೊರಡುವ ಧರ್ಮರಾಯನ ಗುಡಿಯೂ ಅಲ್ಲಿಂದ ದೂರವಿಲ್ಲ.

ಮೂರನೆಯದು 12.9833, 77.5833, ರೇಸ್‌ಕೋರ್ಸ್ ಕಡೆ. ಹೊರಗಿನ ರಸ್ತೆಯಿಂದ ತೆಗೆದರೆ ಸಾಕು. ನಾಲ್ಕನೆಯದು 13.0, 77.5833. ಅರಮನೆ ಗುಟ್ಟಹಳ್ಳಿಯ ಆಸುಪಾಸಿನ ಮನೆಗಳ ಸಾಲು. ಶುರುವಿನಿಂದ ಇಲ್ಲಿಯವರೆಗೆ ನೇರ ಅಳತೆ ಬರೀ ಐದೂವರೆ ಕಿಲೋಮೀಟರ್. ಅಷ್ಟರಲ್ಲಿ ತೋಟ, ಪೇಟೆ, ಕುದುರೆ ಮೈದಾನ, ಮನೆ ಎಲ್ಲ ಬಂದುಹೋಯಿತು ನೋಡಿ. ಬಿಎಂಟಿಸಿ ಬಸ್ಸಿನಲ್ಲಿ ಹತ್ತಿರಕ್ಕೆ ಹೋಗಿ, ಕೊನೆಯ ಒಂದು ಕಿಲೋಮೀಟರ್ ಕಡ್ಡಾಯವಾಗಿ ನಡೆಯಿರಿ.

ಪ್ರಶ್ನೆ: ಇದೆಲ್ಲ ಬೆಂಗಳೂರಿನವರಿಗೆ ಮಾತ್ರ ಅನಿಸುತ್ತದೆ. ನಮ್ಮಂಥ ಊರಿನಲ್ಲಿ ಅಂಕಿ ಹಿಡಿದು ಹೊರಟರೆ ಏನು ಸಿಗುತ್ತದೆ?
(ಶಾಲಾ ಶಿಕ್ಷಕಿ, ಹಾಸನ)

ಉತ್ತರ: ಮೇಡಂ, ಹಾಸನದವರು ಈ ಮಾತು ಹೇಳಬಾರದು. ನಿಮ್ಮ ಊರು 13ನೇ ಡಿಗ್ರಿ ಅಕ್ಷಾಂಶದ ಮೇಲೆಯೇ ಇದೆ. 13.0, 76.1 ಅಂತ ಹಾಕಿ ನೋಡಿ, ನಿಮ್ಮ ಬಸ್ ಸ್ಟ್ಯಾಂಡಿಗೆ ಎಷ್ಟು ಹತ್ತಿರ ಅಂತ ಗೊತ್ತಾಗುತ್ತದೆ.

ಈ 13ನೇ ಗೆರೆಯ ಬಗ್ಗೆ ಹೇಳಲು ಶುರು ಮಾಡಿದರೆ ನನಗೆ ನಿಲ್ಲಿಸುವುದೇ ಕಷ್ಟ. ಅರಬ್ಬೀ ಸಮುದ್ರ ಬಿಟ್ಟು ಸುರತ್ಕಲ್ ಹತ್ತಿರ ನೆಲ ಮುಟ್ಟುತ್ತದೆ. ಘಟ್ಟ ಹತ್ತಿ ಹಾಸನಕ್ಕೆ ಬರುತ್ತದೆ. ಕುಣಿಗಲ್ ಪಕ್ಕದಲ್ಲಿ ಹಾದು, ಬೆಂಗಳೂರಿನ ಮಲ್ಲೇಶ್ವರದ ಒಳಗೆ ನುಗ್ಗಿ, ಬೆಂಗಳೂರು ಅರಮನೆಯ ಸ್ವಲ್ಪ ಉತ್ತರಕ್ಕೆ ದಾಟಿ, ಮಾಲೂರಿನ ಮಗ್ಗುಲಲ್ಲಿ ಹೋಗಿ, ಕೊನೆಗೆ ಚೆನ್ನೈನ ಬೆಸೆಂಟ್ ನಗರದಲ್ಲಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಒಂದೇ ಗೆರೆ, ಎರಡು ಕಡಲು.

ಈ ಊರುಗಳಿಗೆಲ್ಲ ಒಂದು ನಂಟು ಇದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ಸೂರ್ಯ ಈ ಗೆರೆಯ ನೆತ್ತಿಗೆ ಬರುತ್ತಾನೆ. ಆ ಹೊತ್ತಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಅದು ಸುಮಾರು 12 ಗಂಟೆ 18 ನಿಮಿಷಕ್ಕೆ ಆದರೆ ಹಾಸನಕ್ಕೆ 12 ಗಂಟೆ 24 ನಿಮಿಷದ ಹೊತ್ತಿಗೆ. ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ ಸೂರ್ಯ 4 ನಿಮಿಷ ತಡ. ನೀವು ಶಿಕ್ಷಕಿ ಅಂತ ಬರೆದಿದ್ದೀರಿ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ಆಗಸ್ಟ್‌ನಲ್ಲಿ ಮೋಡ ಬಿಟ್ಟರೆ ಮಕ್ಕಳಿಗೆ ಶಾಲೆಯ ಅಂಗಳದಲ್ಲೇ ತೋರಿಸಿ. ಸುರತ್ಕಲ್, ಕುಣಿಗಲ್, ಮಾಲೂರಿನ ಶಾಲೆಗಳ ಜತೆ ಮಾತಾಡಿಕೊಂಡು ಅದೇ ದಿನ ಎಲ್ಲ ಕಡೆ ಒಂದು ಕಂಬದ ಫೋಟೊ ತೆಗೆಸಿದರೆ ಎಷ್ಟು ಚೆನ್ನ! ನೀವು ಕೈ ಹಾಕಿದರೆ ಮಲ್ಲೇಶ್ವರದ ಫೋಟೊ ನಾನೇ ತೆಗೆದು ಕಳಿಸುತ್ತೇನೆ.

ಡಿಗ್ರಿ ಡಿಗ್ರಿ ಕೂಡುವ ಜಾಗಗಳೂ ಈ ಗೆರೆಯ ಮೇಲೆ ಸಿಗುತ್ತವೆ. 13 ಮತ್ತು 77 ಕೂಡುವುದು ಕುಣಿಗಲ್ಲಿನ ಹತ್ತಿರ. 13 ಮತ್ತು 78 ಕೂಡುವುದು ಮಾಲೂರು ದಾಟಿ ಪೂರ್ವಕ್ಕೆ. ಜಗತ್ತಿನಲ್ಲಿರುವ ಇಂಥ ಎಲ್ಲ ಜಾಗಗಳಿಗೂ ಹೋಗಿ ಫೋಟೊ ತೆಗೆಯಬೇಕು ಅಂತ ಅಮೆರಿಕದ ಅಲೆಕ್ಸ್ ಜಾರೆಟ್ ಎಂಬುವರು 1996ರಲ್ಲಿ ಒಂದು ಕೆಲಸ ಶುರು ಮಾಡಿದರು. ಅದಕ್ಕೆ ಡಿಗ್ರಿ ಕನ್‌ಫ್ಲುಯೆನ್ಸ್ ಪ್ರಾಜೆಕ್ಟ್ ಅಂತ ಹೆಸರು. ನಾನು ಮಾಡುತ್ತಿರುವುದು ಅದನ್ನೇ, ಡಿಗ್ರಿಯ ಬದಲು ನಿಮಿಷದಲ್ಲಿ.

ಇನ್ನೂ ಹಿಂದಕ್ಕೆ ಹೋದರೆ ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಸಿಗುತ್ತಾರೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬೆಂಗಳೂರಿನ ಹತ್ತಿರ ಸರಪಳಿ ಹಾಕಿ ನೆಲದ ಮೇಲೆ ಏಳು ಮೈಲಿಗಿಂತ ಉದ್ದದ ಒಂದು ನೇರ ಗೆರೆ ಅಳೆದವರು ಅವರು. 1802ರಲ್ಲಿ ಮದರಾಸಿನಿಂದ ಹೊರಟ ದೊಡ್ಡ ಸರ್ವೆಗೆ ಅವರೇ ಮುಖ್ಯಸ್ಥರು. ಮುಂದೆ ಆ ಸರ್ವೆ ಹಿಮಾಲಯದ ಶಿಖರಗಳ ಎತ್ತರವನ್ನೂ ಅಳೆಯಿತು. ರಾತ್ರಿ ನಕ್ಷತ್ರ ನೋಡಿ ಅವರು ಅಕ್ಷಾಂಶ ಲೆಕ್ಕ ಹಾಕಿದ ಜಾಗಗಳಲ್ಲಿ ಬೆಂಗಳೂರಿನ ದೊಡ್ಡಗುಂಟೆಯೂ ಒಂದು. ಈಗಿನ ಕಾಕ್ಸ್‌ಟೌನ್ ಕಡೆ. ಅದೂ 13ನೇ ಗೆರೆಯ ಪಕ್ಕದಲ್ಲೇ! ಈಗ ಅಲ್ಲಿ ಆಟೊ ಹಾರ್ನ್ ಕೇಳುತ್ತದೆ, ಆದರೂ ಆ ಬೀದಿಯಲ್ಲಿ ನಡೆಯುವಾಗ ನನಗೆ ಮೈ ಜುಂ ಅನ್ನುತ್ತದೆ.

ಪ್ರಶ್ನೆ: ಇದಕ್ಕೆ ಯಾವ ಕ್ಯಾಮೆರಾ ಬೇಕು? ಬಜೆಟ್ ಕಡಿಮೆ ಇದೆ.
(ಪದವಿ ವಿದ್ಯಾರ್ಥಿ, ತುಮಕೂರು)

ಉತ್ತರ: ಕೈಯಲ್ಲಿರುವ ಫೋನೇ ಸಾಕು. ದುಡ್ಡು ಉಳಿಸಿ ಒಳ್ಳೆಯ ಚಪ್ಪಲಿ ತಗೊಳ್ಳಿ. ಗೆರೆಗಳು ಕೂಡುವ ಬಿಂದುವಿನಲ್ಲಿ ನಿಂತು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಅಂತ ನಾಲ್ಕು ಫೋಟೊ, ಅದೇ ಕ್ರಮದಲ್ಲಿ. ಐದನೆಯದು ಕಾಲ ಕೆಳಗಿನ ನೆಲದ್ದು. ಆರನೆಯದು ಅಂಕಿ ತೋರಿಸುತ್ತಿರುವ ಸ್ಕ್ರೀನಿನದ್ದು. ಜೂಮ್ ಬೇಡ, ಫಿಲ್ಟರ್ ಬೇಡ. ಕ್ಯಾಮೆರಾ ಬೇರೆ, ಫೋನು ಬೇರೆ ಆಗಿದ್ದರೆ ಎರಡರ ಗಡಿಯಾರವನ್ನೂ ಒಂದೇ ಹೊತ್ತಿಗೆ ಹೊಂದಿಸಿಕೊಂಡು ಹೊರಡಿ.

ಪ್ರಶ್ನೆ: ಚಿಕ್ಕಪೇಟೆಯಲ್ಲಿ ನಿಂತರೆ ಫೋನಿನ ನೀಲಿ ಚುಕ್ಕೆ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹಾರುತ್ತದೆ. ನನ್ನ ಫೋನು ಕೆಟ್ಟಿದೆಯಾ? ನೆಟ್ ಇಲ್ಲದಿದ್ದರೆ ಜಿಪಿಎಸ್ ನಡೆಯುತ್ತದಾ?
(ಬಟ್ಟೆ ಅಂಗಡಿಯವರು, ಬೆಂಗಳೂರು)

ಉತ್ತರ: ಫೋನು ಸರಿಯಾಗಿಯೇ ಇದೆ. ಜಾಗ ಇಕ್ಕಟ್ಟು.

ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತವೆ. ಪ್ರತಿಯೊಂದರಲ್ಲೂ ತುಂಬಾ ಕರಾರುವಾಕ್ಕಾದ ಗಡಿಯಾರ ಇದೆ. "ನಾನು ಇಂಥಲ್ಲಿದ್ದೇನೆ, ಈಗ ಇಷ್ಟು ಹೊತ್ತು" ಅಂತ ಅವು ರೇಡಿಯೊದಲ್ಲಿ ಹೇಳುತ್ತಲೇ ಇರುತ್ತವೆ. ಆ ಮಾತು ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಅಂತ ನಿಮ್ಮ ಫೋನು ನೋಡುತ್ತದೆ. ಅದರಿಂದ ದೂರ ಗೊತ್ತಾಗುತ್ತದೆ. ನಾಲ್ಕು ಉಪಗ್ರಹದ ಮಾತು ಸಿಕ್ಕಿದರೆ ನೀವು ಎಲ್ಲಿದ್ದೀರಿ ಅಂತ ಲೆಕ್ಕ ಹಾಕಬಹುದು. ರೇಡಿಯೊ ಅಲೆ ಬೆಳಕಿನ ವೇಗದಲ್ಲಿ ಬರುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಪ್ಪಿದರೂ 30 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಪೇಟೆಯ ಸಂದಿನಲ್ಲಿ ಆ ಅಲೆ ನೇರವಾಗಿ ಬರುವುದಿಲ್ಲ. ಎದುರು ಗೋಡೆಗೆ ಬಡಿದು, ತಿರುಗಿ ಬರುತ್ತದೆ, ಬಾವಿಯೊಳಗೆ ಕೂಗಿದರೆ ದನಿ ಸುತ್ತಿ ಬರುವ ಹಾಗೆ. ಫೋನು ಆ ಸುತ್ತು ದಾರಿಯನ್ನೇ ನೇರ ದೂರ ಅಂದುಕೊಳ್ಳುತ್ತದೆ. ಚುಕ್ಕೆ ಹಾರುತ್ತದೆ.

ಬಯಲಿನಲ್ಲಿ ಒಳ್ಳೆಯ ಫೋನು ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ಪೇಟೆಯಲ್ಲಿ ಅಷ್ಟು ನಿರೀಕ್ಷೆ ಬೇಡ. ಎಲ್ಲಾದರೂ ನಾಲ್ಕು ರಸ್ತೆ ಕೂಡುವಲ್ಲಿ, ಆಕಾಶ ಜಾಸ್ತಿ ಕಾಣುವ ಕಡೆ ನಿಂತು, ಚುಕ್ಕೆ ನೆಲೆಗೊಳ್ಳುವ ತನಕ ಕಾಯಿರಿ. ಅಲ್ಲಿಂದ ಬಿಂದುವಿಗೆ ಎಷ್ಟು ಹೆಜ್ಜೆ, ಯಾವ ದಿಕ್ಕು ಅಂತ ನೋಡಿಕೊಂಡು ನಡೆಯಿರಿ. ನಮ್ಮ ಹಳೇ ಸರ್ವೆಯಲ್ಲೂ ಇದೇ ಪದ್ಧತಿ. ಗೊತ್ತಿರುವ ಕಲ್ಲಿನಿಂದ ಗೊತ್ತಿಲ್ಲದ ಜಾಗಕ್ಕೆ ಅಳೆದುಕೊಂಡು ಹೋಗುವುದು. ಅಂಕಿಯ ಉದ್ದಕ್ಕೂ ಮರುಳಾಗಬೇಡಿ. ದಶಾಂಶದ ಚುಕ್ಕೆಯಾದ ಮೇಲೆ ನಾಲ್ಕನೇ ಅಂಕಿ ಸುಮಾರು 11 ಮೀಟರ್, ಐದನೆಯದು ಸುಮಾರು 1 ಮೀಟರ್. ಆರನೆಯದು, ಏಳನೆಯದು ಸ್ಕ್ರೀನಿನ ಮೇಲೆ ಕಂಡರೂ ನಿಮ್ಮ ಫೋನಿಗೆ ಅಷ್ಟು ಶಕ್ತಿ ಇಲ್ಲ.

ಇನ್ನು ನೆಟ್. ಜಿಪಿಎಸ್‌ಗೆ ನೆಟ್ ಬೇಡ, ಸಿಮ್ಮೂ ಬೇಡ. ನೆಟ್ ಬೇಕಾಗುವುದು ಮ್ಯಾಪಿನ ಚಿತ್ರ ಇಳಿಸಿಕೊಳ್ಳಲು, ಮತ್ತು ಉಪಗ್ರಹ ಬೇಗ ಹುಡುಕಲು. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವ ಆ್ಯಪ್‌ಗಳಲ್ಲಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡು ಹೊರಟರೆ ಆಯಿತು. 2000ನೇ ಇಸವಿಯ ಮೇ ತಿಂಗಳಿಗೆ ಮುಂಚೆ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ಆಗ 100 ಮೀಟರ್ ತನಕ ತಪ್ಪು ಬರುತ್ತಿತ್ತು. ಆ ಕಾಲದಲ್ಲಿ ಪೇಟೆಯಲ್ಲಿ ಒಂದು ಸಂದು ಹುಡುಕುವ ಮಾತೇ ಇರಲಿಲ್ಲ. ಈಗ ಜಿಪಿಎಸ್ ಥರದ್ದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ಇದೆ. ಅದರ ನಿಗಾ ಕೇಂದ್ರ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ 2013ರಲ್ಲಿ ಶುರುವಾಯಿತು. ಹೊಸ ಫೋನುಗಳಲ್ಲಿ ಹಲವು ದೇಶಗಳ ಉಪಗ್ರಹಗಳ ಜತೆ ನಾವಿಕ್ ಸಂಕೇತವನ್ನೂ ಹಿಡಿಯುವಂಥವು ಇವೆ. ಕೊಳ್ಳುವಾಗ ಕೇಳಿ ನೋಡಿ.

ಪ್ರಶ್ನೆ: ಬಿಂದು ಯಾರದೋ ಮನೆಯೊಳಗೆ ಬಿದ್ದರೆ? ಮಿಲಿಟರಿ ಜಾಗಕ್ಕೆ ಬಿದ್ದರೆ?
(ಇಬ್ಬರು ಓದುಗರು ಇದನ್ನೇ ಕೇಳಿದ್ದಾರೆ, ಬೆಳಗಾವಿ ಮತ್ತು ಬೆಂಗಳೂರಿನಿಂದ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ರಕ್ಷಣಾ ಇಲಾಖೆಯ ಜಾಗ, ವಿಮಾನ ನಿಲ್ದಾಣದ ನಿಷೇಧಿತ ಭಾಗ, "ಫೋಟೊ ತೆಗೆಯಬಾರದು" ಎಂಬ ಬೋರ್ಡ್ ಇರುವ ಕಡೆ ಕ್ಯಾಮೆರಾ ಹೊರಗೇ ತೆಗೆಯಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಬೆಳಗಾವಿಯಲ್ಲೂ ಬೆಂಗಳೂರಿನಲ್ಲೂ ದಂಡಿನ ಜಾಗ ತುಂಬಾ ಇದೆ. ಆ ಬಿಂದುವನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಪುಸ್ತಕದಲ್ಲಿ "ದಂಡಿನ ಜಾಗ, ಹೋಗಲಿಲ್ಲ" ಅಂತ ಬರೆದರೆ ಅದೂ ಒಂದು ದಾಖಲೆಯೇ. ಡ್ರೋನ್ ಹಾರಿಸುವ ಯೋಚನೆ ಬೇಡವೇ ಬೇಡ.

ಮನೆ, ಅಂಗಡಿ, ಕಾರ್ಖಾನೆ ಆದರೆ ನನ್ನ ನಿಯಮ ಇಷ್ಟು. ಎಲ್ಲರೂ ಓಡಾಡುವ ರಸ್ತೆಯಲ್ಲಿ ಬಿಂದುವಿಗೆ ಅತಿ ಹತ್ತಿರದ ಜಾಗದಲ್ಲಿ ನಿಲ್ಲುತ್ತೇನೆ. ಎಷ್ಟು ಮೀಟರ್ ದೂರ, ಯಾವ ದಿಕ್ಕಿಗೆ ಅಂತ ಬರೆದುಕೊಳ್ಳುತ್ತೇನೆ. ಮನೆಯವರು ಹೊರಗಿದ್ದರೆ ನಮಸ್ಕಾರ ಹೇಳಿ ವಿಷಯ ತಿಳಿಸುತ್ತೇನೆ. ಹತ್ತು ಜನರಲ್ಲಿ ಒಂಬತ್ತು ಜನ ನಗುತ್ತಾರೆ, ಒಳಗೆ ಕರೆಯುತ್ತಾರೆ. ಒಪ್ಪದಿದ್ದರೆ "ಆಯ್ತು ಸ್ವಾಮಿ" ಅಂತ ಹೊರಟುಬಿಡಬೇಕು, ಎದುರು ವಾದ ಮಾಡಬಾರದು.

ರಾಜಾಜಿನಗರದ ಕಡೆ ಒಂದು ಬಿಂದು ಹಿಟ್ಟಿನ ಗಿರಣಿಯ ಒಳಗೆ ಬಿತ್ತು. ಗಿರಣಿ ಯಜಮಾನರಿಗೆ ಫೋನು ತೋರಿಸಿ, "ಇಗೋ, ಈ ಎರಡು ಗೆರೆ ನಿಮ್ಮ ಗಿರಣಿಯೊಳಗೆ ಸೇರುತ್ತವೆ" ಅಂದೆ. ಅವರು ಬೆಲ್ಟ್ ನಿಲ್ಲಿಸಿ, ಕೈ ಒರೆಸಿಕೊಂಡು, ಸರಿಯಾಗಿ ಎಲ್ಲಿ ಅಂತ ಕೇಳಿದರು. ಇಬ್ಬರೂ ಸೇರಿ ಹುಡುಕಿದೆವು. ರಾಗಿ ಬೀಸುವ ಯಂತ್ರದ ಎಡಗಾಲಿನ ಹತ್ತಿರ ಬಂತು. ಅವರು ಸುಣ್ಣದಲ್ಲಿ ಅಲ್ಲೊಂದು ಗುರುತು ಹಾಕಿದರು. ಸಾಲಿನಲ್ಲಿ ನಿಂತಿದ್ದ ಹೆಂಗಸರು, "ಏನಣ್ಣಾ, ರೋಡು ಅಗಲ ಮಾಡ್ತಾರಾ?" ಅಂತ ಗಾಬರಿಯಾದರು. ಇದನ್ನು ನೆನಪಿಡಿ. ನಮ್ಮ ಊರಿನಲ್ಲಿ ಯಾರಾದರೂ ಅಳೆಯಲು ಬಂದರೆ ಜನರಿಗೆ ಮನೆ ಹೋಗುವ ಭಯ. ನೀವು ಸರ್ಕಾರದವರಲ್ಲ, ಬಿಲ್ಡರ್ ಕಡೆಯವರೂ ಅಲ್ಲ ಅಂತ ಮೊದಲ ಮಾತಿನಲ್ಲೇ ಹೇಳಿಬಿಡಿ.

ಪ್ರಶ್ನೆ: ತಪ್ಪು ತಿಳಿಯಬೇಡಿ. ಗೋಡೆ, ಟ್ರಾನ್ಸ್‌ಫಾರ್ಮರ್, ಕಸದ ರಾಶಿ, ಇವುಗಳ ಫೋಟೊ ತೆಗೆದು ಏನು ಪ್ರಯೋಜನ? ನೋಡುವುದಕ್ಕೆ ಅರಮನೆ ಇದೆ, ದೇವಸ್ಥಾನ ಇದೆ.
(ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಉತ್ತರ: ತಪ್ಪು ತಿಳಿಯುವ ಮಾತೇ ಇಲ್ಲ ಸರ್. ಎಲ್ಲ ಪತ್ರಗಳಲ್ಲಿ ನನಗೆ ಮುಖ್ಯ ಅನಿಸಿದ ಪ್ರಶ್ನೆ ಇದೇ.

ಅರಮನೆಯ ಫೋಟೊ ಎಲ್ಲರ ಹತ್ತಿರವೂ ಇದೆ. ಇನ್ನು ನೂರು ವರ್ಷ ಬಿಟ್ಟು ಹುಡುಕಿದರೂ ಸಿಗುತ್ತದೆ. ನಾವು ದಿನಾ ಹಾಲು ತರಲು ಹೋಗುವ ತಿರುವಿನ ಫೋಟೊ ಯಾರ ಹತ್ತಿರ ಇದೆ? ಬೆಂಗಳೂರಿನಲ್ಲಿ ಮೆಟ್ರೊ ಬಂತು, 2011ರ ಅಕ್ಟೋಬರಿನಲ್ಲಿ ಮೊದಲ ರೈಲು ಓಡಿತು. ಅದಕ್ಕೆ ಮುಂಚಿನ ಎಂ.ಜಿ. ರಸ್ತೆಯ ಚಿತ್ರಗಳನ್ನು ಜನ ಇವತ್ತಿಗೂ ಆಸೆಯಿಂದ ನೋಡುತ್ತಾರೆ. ಆದರೆ ಅದೇ ಮೆಟ್ರೊ ಹಾದುಹೋದ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಮುಂಚೆ ಯಾವ ಅಂಗಡಿಯ ಪಕ್ಕ ಯಾವ ಅಂಗಡಿ ಇತ್ತು ಅಂತ ತೋರಿಸುವ ಒಂದು ಸಾಲು ಫೋಟೊ ಬೇಕು ಅಂದರೆ ಹುಡುಕಿ ನೋಡಿ. ಸುಂದರ ಅಂತ ಅನಿಸದ್ದನ್ನು ಯಾರೂ ತೆಗೆದಿಡುವುದಿಲ್ಲ. ಹೋದ ಮೇಲೆ ಅದೇ ಬೇಕಾಗುತ್ತದೆ.

ನಾವೇ ಆರಿಸಿದರೆ ನಮಗೆ ಇಷ್ಟವಾದ ಕಡೆಗೇ ಹೋಗುತ್ತೇವೆ. ಮಲ್ಲೇಶ್ವರದವರು ಮಲ್ಲೇಶ್ವರಕ್ಕೆ, ಬಸವನಗುಡಿಯವರು ಬಸವನಗುಡಿಗೆ. ಅಂಕಿಗೆ ಆ ಪಕ್ಷಪಾತ ಇಲ್ಲ. ಅದು ಬಂಗಲೆಯ ಗೇಟಿಗೂ ಕರೆದುಕೊಂಡು ಹೋಗುತ್ತದೆ, ಕೊಳಗೇರಿಯ ನಲ್ಲಿಗೂ ಕರೆದುಕೊಂಡು ಹೋಗುತ್ತದೆ. ಎರಡು ಕಡೆಯೂ ಅದೇ ನಾಲ್ಕು ಫೋಟೊ. ನಾನು ಸರ್ವೆ ಕೆಲಸದಲ್ಲಿ ಕಲಿತದ್ದೂ ಇದನ್ನೇ. ಗೌಡರ ಹೊಲಕ್ಕೆ ಒಂದು ಸರಪಳಿ, ಕೂಲಿಯವರ ಒಂದು ಗುಂಟೆಗೆ ಇನ್ನೊಂದು ಸರಪಳಿ ಇರಲಿಲ್ಲ.

ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಹೆಸರು ನಿಲ್ಲುವುದಿಲ್ಲ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಸೌತ್ ಪೆರೇಡ್ ಎಂ.ಜಿ. ರಸ್ತೆ ಆಯಿತು. ಹಳೇ ಫೋಟೊದ ಹಿಂದೆ "ಕೆರೆ ಏರಿಯ ಮೇಲೆ, ಆಲದ ಮರದ ಹತ್ತಿರ" ಅಂತ ಬರೆದಿದ್ದರೆ ಈಗ ಹೋಗಿ ಎಲ್ಲಿ ಹುಡುಕುವುದು? ಏರಿಯೂ ಇಲ್ಲ, ಮರವೂ ಇಲ್ಲ. ಅಂಕಿ ಬರೆದಿದ್ದರೆ ನೇರವಾಗಿ ಹೋಗಿ ಅಲ್ಲೇ ನಿಲ್ಲಬಹುದು. ಮೈಸೂರಿನಲ್ಲೂ ನೀವೇ ಶುರು ಮಾಡಿ ಸರ್. ದೇವರಾಜ ಮಾರುಕಟ್ಟೆಯನ್ನು ಬಿಟ್ಟು, ಅದರ ಹಿಂದಿನ ಯಾವುದಾದರೂ ಅಡ್ಡರಸ್ತೆಯಿಂದ.

ಪ್ರಶ್ನೆ: ನಾನು ಲಂಡನ್ನಿನಲ್ಲಿ ಓದುತ್ತಿದ್ದೇನೆ. ಗ್ರೀನಿಚ್‌ಗೆ ಹೋಗಿ, ಸೊನ್ನೆ ಡಿಗ್ರಿ ರೇಖಾಂಶ ಅಂತ ನೆಲದಲ್ಲಿ ಹಾಕಿರುವ ಪಟ್ಟಿಯ ಮೇಲೆ ನಿಂತೆ. ಫೋನಿನಲ್ಲಿ ಸೊನ್ನೆ ಬರಲೇ ಇಲ್ಲ! ಹೀಗೇಕೆ?
(ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಸೊನ್ನೆ ಬೇಕಿದ್ದರೆ ಅಲ್ಲಿಂದ ಪೂರ್ವಕ್ಕೆ ಸುಮಾರು 102 ಮೀಟರ್ ನಡೆಯಬೇಕು. ಪಾರ್ಕಿನ ಹುಲ್ಲಿನ ಕಡೆ ಸಿಗುತ್ತದೆ.

ಹಳೆಯ ಗೆರೆ ಜಾರ್ಜ್ ಏರಿ ಎಂಬ ಖಗೋಳ ವಿಜ್ಞಾನಿ ಅಲ್ಲಿ ನಿಲ್ಲಿಸಿದ ದೂರದರ್ಶಕದ್ದು. 1851ರಿಂದ ಅದರಲ್ಲಿ ನಕ್ಷತ್ರ ನೋಡುತ್ತಿದ್ದರು. 1884ರಲ್ಲಿ ಹಲವು ದೇಶಗಳು ಸೇರಿ ಅದನ್ನೇ ಸೊನ್ನೆ ಅಂತ ಒಪ್ಪಿಕೊಂಡವು. ಆದರೆ ನೆತ್ತಿ ಯಾವುದು ಅಂತ ಆ ದೂರದರ್ಶಕಕ್ಕೆ ಹೇಳುತ್ತಿದ್ದದ್ದು ಅಲ್ಲಿನ ಭೂಮಿಯ ಸೆಳೆತ, ನಮ್ಮ ಗಾರೆ ಕೆಲಸದವರು ಬಿಡುವ ತೂಕದ ಗುಂಡಿಗೆ ಹೇಳುವ ಸೆಳೆತವೇ. ನೆಲದೊಳಗಿನ ಕಲ್ಲು ಮಣ್ಣು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ಗುಂಡು ಭೂಮಿಯ ನಡುವಿಗೆ ನೇರವಾಗಿ ತೋರಿಸುವುದಿಲ್ಲ, ಕೂದಲೆಳೆಯಷ್ಟು ವಾಲುತ್ತದೆ. ಉಪಗ್ರಹಗಳು ಇಡೀ ಭೂಮಿಯ ನಡುವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಆ ವಾಲಿದ ಕೋನವೇ ನೆಲದ ಮೇಲೆ 102 ಮೀಟರ್ ಆಗಿ ಕಾಣುತ್ತದೆ.

ಇಂಥದ್ದು ನಮ್ಮಲ್ಲೂ ಇದೆ. ನಿಮ್ಮ ಮನೆಯಲ್ಲಿ ಸರ್ವೆ ಆಫ್ ಇಂಡಿಯಾದ ಹಳೇ ಟೊಪೊಶೀಟ್, ಅಂದರೆ ಸರ್ವೆ ನಕ್ಷೆ, ಇದ್ದರೆ ಅದರ ಅಕ್ಷಾಂಶ ರೇಖಾಂಶವನ್ನು ಹಾಗೇ ಫೋನಿಗೆ ಹಾಕಬೇಡಿ. ಅವು ಭೂಮಿಯ ಆಕಾರಕ್ಕೆ ಹಾಕಿದ ಎವರೆಸ್ಟ್ 1830 ಎಂಬ ಹಳೇ ಲೆಕ್ಕದವು. ಫೋನಿನದ್ದು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂಬ ಹೊಸ ಲೆಕ್ಕ. ಬೆಂಗಳೂರಿನ ಕಡೆ ಎರಡಕ್ಕೂ ನೂರು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಆ್ಯಪ್‌ಗಳು ಇವೆ.

ನೀವು ಅಳತೆಯ ಬಗ್ಗೆ ಆಸೆಪಟ್ಟು ಕೇಳಿದ್ದರಿಂದ ಇದನ್ನೂ ಹೇಳುತ್ತೇನೆ. ಭಾರತ ಕೂತಿರುವ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ನಿಲ್ದಾಣ ಇದನ್ನು ಅಳೆಯುತ್ತಲೇ ಇದೆ. 20 ವರ್ಷಕ್ಕೆ ಒಂದು ಮೀಟರ್ ಆಯಿತಲ್ಲ. ಕಬ್ಬನ್‌ಪೇಟೆಯ ಒಂದು ಹೊಸ್ತಿಲಿನ ಅಂಕಿಯನ್ನು ಇವತ್ತು ಬರೆದಿಟ್ಟರೆ, ನಿಮ್ಮ ಮಗಳು ಬಂದು ನೋಡುವ ಹೊತ್ತಿಗೆ ಅದೇ ಅಂಕಿ ಒಂದು ಹೆಜ್ಜೆ ಆಚೆ ಬೀಳಬಹುದು. ಅದಕ್ಕೇ ನಾನು ಪ್ರತಿ ಫೋಟೊಗೂ ತಾರೀಖು ಬರೆಯಿರಿ ಅಂತ ಹಟ ಹಿಡಿಯುವುದು.

ಪ್ರಶ್ನೆ: ಮಗಳು ಫೋಟೊ ತೆಗೆದು ಎಲ್ಲರಿಗೂ ಕಳಿಸುತ್ತಾಳೆ. ಫೋಟೊದಲ್ಲಿ ನಮ್ಮ ಮನೆ ಎಲ್ಲಿದೆ ಅಂತ ಗೊತ್ತಾಗುತ್ತದೆ ಅಂತ ಯಾರೋ ಹೇಳಿದರು. ನಿಜವೇ?
(ಗೃಹಿಣಿ, ಶಿವಮೊಗ್ಗ)

ಉತ್ತರ: ನಿಜ ಅಮ್ಮಾ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಆಗಿದ್ದರೆ ಪ್ರತಿ ಫೋಟೊದ ಒಳಗೂ ಅಕ್ಷಾಂಶ, ರೇಖಾಂಶ, ಹೊತ್ತು ಸೇರಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಫೋಟೊ ಫೈಲ್ ಸಿಕ್ಕಿದವರು ಓದಬಹುದು. ಕೆಲವು ಆ್ಯಪ್‌ಗಳು ಕಳಿಸುವಾಗ ಅದನ್ನು ಕಿತ್ತುಹಾಕುತ್ತವೆ, ಕೆಲವು ಹಾಗೇ ಬಿಡುತ್ತವೆ. ಫೈಲ್ ಅಥವಾ ಡಾಕ್ಯುಮೆಂಟ್ ಅಂತ ಕಳಿಸಿದರೆ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ.

ನಮ್ಮ ಕೆಲಸಕ್ಕೆ ಅದು ಬೇಕೇ ಬೇಕು. ಮನೆಯ ಫೋಟೊಗೆ ಬೇಡ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿಡಲು ಮಗಳಿಗೆ ಹೇಳಿ, ಊರು ಸುತ್ತುವಾಗ ಮಾತ್ರ ಆನ್ ಮಾಡಲಿ. ಮನೆ, ಶಾಲೆ, ಟ್ಯೂಷನ್, ದಿನಾ ಬಸ್ ಹತ್ತುವ ಜಾಗ, ಇವುಗಳ ಅಂಕಿ ಹೊರಗೆ ಹೋಗಬಾರದು. ಬೇರೆ ಮಕ್ಕಳ ಮುಖ ಬಿದ್ದ ಫೋಟೊವನ್ನು ಅವರ ಅಪ್ಪ ಅಮ್ಮನನ್ನು ಕೇಳದೆ ಯಾರಿಗೂ ಕಳಿಸಬಾರದು. ಅವಳಿಗೆ ಈ ಹುಚ್ಚು ಹಿಡಿದಿದ್ದರೆ ದಯವಿಟ್ಟು ಬಿಡಿಸಬೇಡಿ. ನೀವೂ ಜತೆಗೆ ಹೊರಡಿ.

ಪ್ರಶ್ನೆ: ಅಂಕಲ್, ನಾನು ಏಳನೇ ಕ್ಲಾಸು. ನಮ್ಮೂರಿನಲ್ಲಿ ಯಾವ ನಂಬರ್‌ಗೆ ಹೋಗಲಿ?
(ದಾವಣಗೆರೆ)

ಉತ್ತರ: ಶಭಾಷ್ ಪುಟ್ಟಾ. 14 ಡಿಗ್ರಿ 28 ನಿಮಿಷ, 75 ಡಿಗ್ರಿ 55 ನಿಮಿಷ. ಇದು ನಿಮ್ಮ ಊರಿನ ಒಳಗೇ ಬೀಳುತ್ತದೆ. 60ರಿಂದ ಭಾಗಿಸಿ ದಶಾಂಶ ಮಾಡುವ ಲೆಕ್ಕ ನೀನೇ ಮಾಡು, ಫೋನಿನ ಕ್ಯಾಲ್ಕುಲೇಟರ್ ಮುಟ್ಟಬೇಡ. ನಿನಗೆ ಇನ್ನೊಂದು ಗುಟ್ಟು ಹೇಳುತ್ತೇನೆ. ನಮ್ಮ ಹಳೆಯ ಜ್ಯೋತಿಷಿಗಳು, ಗಣಿತಜ್ಞರು ಗ್ರೀನಿಚ್ ಬರುವ ಎಷ್ಟೋ ಶತಮಾನ ಮೊದಲೇ ಮಧ್ಯಪ್ರದೇಶದ ಉಜ್ಜಯಿನಿಯ ಮೇಲೆ ಹಾದುಹೋಗುವ ಗೆರೆಯನ್ನು ಸೊನ್ನೆ ಅಂತ ಇಟ್ಟುಕೊಂಡಿದ್ದರು. ಉಜ್ಜಯಿನಿಯ ರೇಖಾಂಶ ಸುಮಾರು 75.8. ನಿಮ್ಮೂರಿನದ್ದು 75.9. ಆ ಗೆರೆಯನ್ನು ದಕ್ಷಿಣಕ್ಕೆ ಎಳೆದುಕೊಂಡು ಬಂದರೆ ನಿಮ್ಮ ಊರಿನ ಸ್ವಲ್ಪ ಪಶ್ಚಿಮಕ್ಕೆ ಹಾದುಹೋಗುತ್ತದೆ! ಶಾಲೆಯ ಅಟ್ಲಾಸ್ ಮೇಲೆ ಸ್ಕೇಲ್ ಇಟ್ಟು ನೋಡು.

ಅಪ್ಪನನ್ನೋ ಅಕ್ಕನನ್ನೋ ಕರೆದುಕೊಂಡು ಬೆಳಗ್ಗೆ ಹೋಗು. ರಸ್ತೆ ನಡುವೆ ಫೋನು ನೋಡುತ್ತಾ ನಡೆಯಬೇಡ, ಪಕ್ಕಕ್ಕೆ ನಿಂತು ನೋಡಿ ಆಮೇಲೆ ನಡೆ. ನಾಲ್ಕು ದಿಕ್ಕಿನ ಫೋಟೊ ತೆಗಿ. ಪ್ರಿಂಟ್ ಹಾಕಿಸಿ, ಹಿಂದುಗಡೆ ದಿಕ್ಕು, ಅಂಕಿ, ತಾರೀಖು, ಹೊತ್ತು ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸು. ಅಲ್ಲಿ ಯಾರು ಸಿಕ್ಕರು, ಏನು ಮಾತಾಡಿದರು ಅಂತ ಒಂದು ಪುಟ ಬರೆಯುವುದನ್ನು ಮರೆಯಬೇಡ.